ಇಲ್ಲ ಎನ್ನದ ಅರ್ಜಿ

ನಮ್ಮೂರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲು ಹೋಗಿ ಕೂರುವುದು ಅರ್ಜಿ, ಆಮೇಲೆ ಮನುಷ್ಯ. ಖಾಲಿ ಇರುವ ಕುರ್ಚಿಯ ಮೇಲೆ ಅರ್ಜಿಯನ್ನಿಟ್ಟು, ಗಾಳಿಗೆ ಹಾರಿಹೋಗದಂತೆ ಮೇಲೊಂದು ಕಲ್ಲು ಇಡುತ್ತಾರೆ. ಒಂದು ಸಂತೆಯಿಂದ ಮುಂದಿನ ಸಂತೆಯವರೆಗೆ ಅದು ಅಲ್ಲಿ ಕೂತು, ತನ್ನಲ್ಲಿ ಬರೆದಿರುವಷ್ಟು ಕೆಲಸವನ್ನು ಮಾಡಿ ತೋರಿಸಬೇಕು. ತೋರಿಸಿದರೆ ಬರೆದವರಿಗೆ ಕೆಲಸ. ಇಲ್ಲದಿದ್ದರೆ ಅರ್ಜಿಯನ್ನು ಮಡಿಸಿ ಕೈಗೆ ಕೊಟ್ಟು ‘ಹೋಗಿ ಬನ್ನಿ’ ಅನ್ನುತ್ತಾರೆ. ಬೇರೆ ಊರುಗಳಲ್ಲಿ ಮನುಷ್ಯರನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರಂತೆ. ಮನುಷ್ಯನಾದವನು ಬಾಯಿಗೆ ಬಂದದ್ದು ಹೇಳುತ್ತಾನೆ. ಅದನ್ನು ನಂಬಿ ಕೆಲಸ ಕೊಡುವ ಧೈರ್ಯ ಅವರಿಗೆ ಹೇಗೆ ಬರುತ್ತದೋ ನಮಗೆ ತಿಳಿಯದು.

ಅರ್ಜಿಗೆ ಬರೆದದ್ದು ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಒಬ್ಬ ‘ರುಚಿಯಾದ ಸಾರು ಮಾಡುತ್ತೇನೆ’ ಎಂದು ಬರೆದಿದ್ದ. ವಾರವಿಡೀ ಹುಡುಗರು ಸಾರು ಕುಡಿದೇ ಮಲಗಿದರು, ಅನ್ನದ ಮಾತು ಅರ್ಜಿಯಲ್ಲಿರಲಿಲ್ಲ. ಗೋದಾಮಿನ ಕಾವಲಿಗೆ ‘ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ’ ಎಂದು ಬರೆದವನ ಅರ್ಜಿ ಚೆನ್ನಾಗಿಯೇ ಕಾದಿತು, ಆದರೆ ಜೋಳದ ಚೀಲಕ್ಕೆಲ್ಲ ಹರಳೆಣ್ಣೆ ಹತ್ತಿತು. ಬಸ್ ನಿಲ್ದಾಣದ ಸಾಮಾನು ಕೋಣೆಯಲ್ಲಿ ಜನರ ಗಂಟುಮೂಟೆ ಕಾಯುವವನು ನಾನು, ದಾಸಣ್ಣ. ನನ್ನ ಅರ್ಜಿಯೂ ಹಿಂದೊಮ್ಮೆ ಹೀಗೆಯೇ ಇಲ್ಲಿ ಕೂತಿತ್ತು. ಆ ವಾರ ಕಳೆದುಹೋದದ್ದು ಯಾರದೋ ಒಂದು ಕೊಡೆ ಮಾತ್ರ. ನಾನು ಬಂದ ಮೇಲೂ ಆ ಮಟ್ಟವನ್ನು ಕಾಪಾಡಿಕೊಂಡು ಬಂದಿದ್ದೇನೆ.

ಈಗ ಹೇಳಹೊರಟದ್ದು ನನ್ನ ಕೋಣೆಯ ಪಕ್ಕದ ವಿಚಾರಣೆ ಕಿಟಕಿಯ ಕತೆ, ಅಂದರೆ ವನಜಾಕ್ಷಿಯ ಕತೆ. ವನಜಾಕ್ಷಿ ಅಣ್ಣನ ಮನೆಯಲ್ಲಿದ್ದಳು. ಗಂಡ ಎನ್ನುವವನು ಮದುವೆಯಾದ ಹೊಸತರಲ್ಲೇ ಯಾವುದೋ ಊರಿನ ಕೆಲಸಕ್ಕೆ ಅರ್ಜಿ ಹಾಕಿ, ಅರ್ಜಿಯ ಹಿಂದೆಯೇ ಹೋದವನು ತಿರುಗಿ ಬರಲಿಲ್ಲ. ಅಣ್ಣ ನಾಗಭೂಷಣ, ಅತ್ತಿಗೆ ಸರ್ವಮಂಗಳ ಇಬ್ಬರೂ ಕೆಟ್ಟವರೇನಲ್ಲ. ಊಟಕ್ಕೆ ಕರೆಯುತ್ತಿದ್ದರು, ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಆದರೆ ಅವಳಿಗೆಂದು ಕೋಣೆ ಇರಲಿಲ್ಲ. ನಡುಮನೆಯ ಗಡಿಯಾರದ ಕೆಳಗೆ ಅವಳ ಹಾಸಿಗೆ. ಬಂದ ನೆಂಟರು ಎದ್ದು ಹೋದ ಮೇಲೆ ಹಾಸಬೇಕು, ಹಾಲಿನವನು ಬರುವ ಮೊದಲು ಸುತ್ತಿಡಬೇಕು. ನಡುವೆ ಅತ್ತಿಗೆ “ವನಜ, ಇದೊಂದು ಮಾಡಿಬಿಡ್ತೀಯಾ? ಬೇಜಾರಿಲ್ಲ ತಾನೆ?” ಅನ್ನುತ್ತಿದ್ದರು. ವನಜಾಕ್ಷಿ “ಆಯ್ತು ಅತ್ತಿಗೆ” ಅನ್ನುತ್ತಿದ್ದಳು. ಇದೊಂದು ಆದ ಮೇಲೆ ಇನ್ನೊಂದು ಇರುತ್ತಿತ್ತು, ಅದಕ್ಕೂ ಆಯ್ತು.

ಒಮ್ಮೆ ನೆಂಟರನ್ನು ಬಸ್ಸು ಹತ್ತಿಸಲು ಬಂದಾಗ ಅವಳು ವಿಚಾರಣೆ ಕಿಟಕಿಯ ಹಿಂದಿನ ಕೋಣೆಯನ್ನು ಕಂಡಳು. ಕಿಟಕಿಯಲ್ಲಿ ಕೂರುವವರಿಗೆಂದೇ ಇರುವ ಕೋಣೆ ಅದು. ಒಂದು ಮಂಚ, ಒಂದು ಗೂಡು, ಬಾಗಿಲಿಗೆ ಒಳಗಡೆಯಿಂದ ಹಿತ್ತಾಳೆಯ ಚಿಲಕ. ಕಿಟಕಿಯ ಮುದುಕ ಆ ತಿಂಗಳೇ ನಿವೃತ್ತನಾಗುವವನಿದ್ದ. ವನಜಾಕ್ಷಿ ನೆಂಟರ ಗಂಟನ್ನು ನನ್ನ ಕಟ್ಟೆಯ ಮೇಲಿಟ್ಟು ಆ ಚಿಲಕವನ್ನೇ ನೋಡುತ್ತ ನಿಂತುಬಿಟ್ಟಳು. “ದಾಸಣ್ಣ, ಕೆಲಸ ಎಂಥದ್ದಾದ್ರೂ ಆಗ್ಲಿ, ನಂಗೆ ಆ ಚಿಲಕ ಬೇಕು” ಅಂದಳು. ಇಷ್ಟು ಸ್ಪಷ್ಟವಾಗಿ ತನಗೆ ಬೇಕಾದ್ದನ್ನು ಹೇಳುವ ಮನುಷ್ಯರನ್ನು ನಾನು ಹೆಚ್ಚು ಕಂಡವನಲ್ಲ.

ಕಷ್ಟವೇನೆಂದರೆ ಅವಳ ಅರ್ಜಿಗಳಿಗೆ ಬೆನ್ನುಮೂಳೆ ಇರಲಿಲ್ಲ. ಆಸ್ಪತ್ರೆಯ ಚೀಟಿ ಬರೆಯುವ ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ ‘ನನಗೆ ಅಷ್ಟಾಗಿ ಅನುಭವವಿಲ್ಲ, ಆದರೂ ಪ್ರಯತ್ನಿಸುತ್ತೇನೆ’ ಎಂದು ಬರೆದಿದ್ದಳು. ಅದು ವಾರವಿಡೀ ಪ್ರಯತ್ನಿಸಿತು. ಪೆನ್ನು ಏಳುತ್ತಿತ್ತು, ನಡುಗುತ್ತಿತ್ತು, ಮಲಗುತ್ತಿತ್ತು. ರೋಗಿಗಳೇ ಅಯ್ಯೋ ಪಾಪ ಎಂದು ತಮ್ಮ ಚೀಟಿಯನ್ನು ತಾವೇ ಬರೆದುಕೊಂಡರು. ಶಿಶುವಿಹಾರಕ್ಕೆ ಹಾಕಿದ್ದರಲ್ಲಿ ಸಾಲಿಗೊಂದು ‘ದಯವಿಟ್ಟು’ ಇತ್ತು. ದಯವಿಟ್ಟು ಅನ್ನುವ ಕಾಗದಕ್ಕೆ ಯಾವ ಮಗು ಹೆದರುತ್ತದೆ? ಸಂತೆಯ ದಿನ ಬರುವಷ್ಟರಲ್ಲಿ ಅದನ್ನು ದೋಣಿ ಮಾಡಿ ಬಿಟ್ಟಿದ್ದರು. ನಮ್ಮೂರಲ್ಲಿ ಮೂರು ಅರ್ಜಿ ಸೋತವರ ನಾಲ್ಕನೆಯದನ್ನು ಯಾರೂ ಮುಟ್ಟುವುದಿಲ್ಲ. ಎರಡು ಹೋಗಿತ್ತು, ಉಳಿದದ್ದು ಒಂದೇ.

ನಾನೇ ಅವಳನ್ನು ಗುರುಶಾಂತಪ್ಪನ ಹತ್ತಿರ ಕಳಿಸಿದೆ. ಅಂಚೆ ಕಚೇರಿಯ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಊರಿಗೆಲ್ಲ ಅರ್ಜಿ ಬರೆದುಕೊಡುವವನು ಅವನು. ನಾಲಿಗೆ ಸ್ವಲ್ಪ ಒರಟು, ಕೈ ಒಳ್ಳೆಯದು. ಅವಳ ಹಳೆಯ ಅರ್ಜಿಗಳ ಕತೆ ಕೇಳಿ ಅವನು ಹಣೆ ಚಚ್ಚಿಕೊಂಡನಂತೆ. “ಅರ್ಜಿ ಅಂದ್ರೆ ಭಿಕ್ಷೆ ಪಾತ್ರೆ ಅಲ್ಲ ತಾಯಿ. ಕಿಟಕಿಗೆ ಬಂದೋನು ನಿನ್ನ ಕಷ್ಟ ಕೇಳೋಕೆ ಬರಲ್ಲ, ಅವನ ಬಸ್ಸು ಕೇಳೋಕೆ ಬರ್ತಾನೆ. ನೀನು ಅವನಿಗೇನು ಮಾಡ್ತೀಯ ಅಷ್ಟು ಬರಿ. ನಿಂಗೆ ಬರದೇ ಇರೋದನ್ನ ಬರೀಬೇಡ, ಬರೋದನ್ನ ಮುಚ್ಚಿಡಬೇಡ” ಎಂದ. ಅವಳಿಂದ ಒಂದೊಂದಾಗಿ ಕೇಳಿ ತಿಳಿದು ಅಚ್ಚುಕಟ್ಟಾಗಿ ಬರೆದ. ಬಸ್ಸಿನ ವೇಳೆ ಸ್ಪಷ್ಟವಾಗಿ ಹೇಳುತ್ತೇನೆ, ಕಿವಿ ಮಂದವಿರುವವರಿಗೆ ಇನ್ನೊಮ್ಮೆ ಹೇಳುತ್ತೇನೆ, ಚಿಕ್ಕ ಮಕ್ಕಳನ್ನು ಎತ್ತಿಕೊಂಡವರಿಗೆ ಮೊದಲು ಹೇಳುತ್ತೇನೆ. ಆಮೇಲೆ ಸಹಿಯ ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟ.

“ಇಲ್ಲೇನೂ ಬರೀಲಿಲ್ವಲ್ಲ?” ಎಂದು ವನಜಾಕ್ಷಿ ಕೇಳಿದಳು. “ಅದು ಬಾಗಿಲು” ಎಂದ ಗುರುಶಾಂತಪ್ಪ. “ಎಲ್ಲಾನೂ ಅರ್ಜೀಲೇ ತುಂಬಿಬಿಟ್ರೆ ನೀನು ಎಲ್ಲಿಂದ ಒಳಗೆ ಹೋಗ್ತೀಯ? ವಾರದ ಕೊನೇಲಿ ಅರ್ಜಿ ಎಲ್ಲೋ ಒಂದು ಕಡೆ ತಡವರಿಸಬೇಕು. ಆಗ ಅವರು, ಕರೀರಪ್ಪ ಆ ಹೆಣ್ಣುಮಗಳನ್ನ, ಅಂತಾರೆ. ಈ ಜಾಗ ಮುಟ್ಟಬೇಡ.” ಅವಳು ಆಯ್ತು ಅಂದಳು. ಅವಳ ಆಯ್ತುವಿಗೆ ಬೆಲೆಯೆಷ್ಟು ಎನ್ನುವುದು ಗುರುಶಾಂತಪ್ಪನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಓದಿದರೆ ಆ ಖಾಲಿ ಜಾಗ ಅವಳಿಗೆ ಹರಿದ ಸೆರಗಿನಂತೆ ಕಂಡಿತು. ಇದೇ ಕೊನೆಯ ಅರ್ಜಿ. ಅಲ್ಲೇ ಏನಾದರೂ ಸೋರಿಹೋದರೆ? ಕಿಟಕಿಯಲ್ಲಿ ಯಾರಾದರೂ ಬೇರೇನೋ ಕೇಳಿ, ಅರ್ಜಿ ಬಾಯಿಬಿಡದೆ ಕೂತರೆ? ಅತ್ತ ಒಗ್ಗರಣೆ ಸೀಯುತ್ತಿತ್ತು, ಇತ್ತ ಅತ್ತಿಗೆ ಕರೆಯುತ್ತಿದ್ದರು. ಅವಳು ಪೆನ್ನು ತೆಗೆದು ಆ ಜಾಗದಲ್ಲಿ ತನ್ನ ಕೈಯಾರೆ ಬರೆದಳು: ‘ಯಾರು ಏನು ಕೇಳಿದರೂ ಇಲ್ಲ ಎನ್ನದೆ, ಬೇಸರಪಡದೆ, ಹೇಳಿದ್ದನ್ನು ಮಾಡುತ್ತೇನೆ.’ ಬರೆದು ಮುಗಿಸಿದಾಗ ಹೊಟ್ಟೆಯೊಳಗೆ ತಣ್ಣಗಾಯಿತಂತೆ. ಮರುದಿನ ಅರ್ಜಿ ಕೊಟ್ಟಳು.

ಸಂತೆಯ ದಿನ ಅರ್ಜಿ ಕಿಟಕಿಯಲ್ಲಿ ಕೂತಿತು. ಅಬ್ಬಾ, ಅಂಥ ಅರ್ಜಿಯನ್ನು ನಮ್ಮ ನಿಲ್ದಾಣ ಕಂಡಿರಲಿಲ್ಲ. ದನಿ ವನಜಾಕ್ಷಿಯದೇ, ನೆಂಟರ ಮುಂದೆ ಕಾಫಿ ತಟ್ಟೆ ಹಿಡಿದಾಗ ಅವಳಿಗೆ ಬರುತ್ತಿದ್ದಂಥ ದನಿ. ಕಿವಿ ಮಂದವಿರುವವರಿಗೆ ಇನ್ನೊಮ್ಮೆ ಹೇಳಿತು, ಮಕ್ಕಳೊಂದಿಗರಿಗೆ ಮೊದಲು ಹೇಳಿತು. ಕೇಳಿದವರೆಲ್ಲ ನಗುತ್ತ ಹೋದರು. ಎರಡು ದಿನ ಕಳೆಯುವಷ್ಟರಲ್ಲಿ ಊರಿನಲ್ಲಿ ಸುದ್ದಿಯಾಗಿ, ಬಸ್ಸಿಗೂ ತಮಗೂ ಸಂಬಂಧವಿಲ್ಲದವರು ಕೂಡ ಬಂದು ಸಾಲು ನಿಂತರು. ಮಗನಿಗೆ ಹೆಣ್ಣು ಸಿಗುತ್ತದಾ, ಎಮ್ಮೆ ಗಬ್ಬವಾಗಿದೆಯಾ, ತೆಂಗಿನಮರದ ಆಚೆಗಿನ ಜಾಗ ನನ್ನದಾ ಎಂದು ಕೇಳಿದರು. ಸಿಗುತ್ತೆ, ಆಗಿದೆ, ನಿಮ್ಮದೇ ಎಂದಿತು ಅರ್ಜಿ.

ಮುಂದಿನ ಸಂತೆಯ ದಿನ ವನಜಾಕ್ಷಿ ಟ್ರಂಕು, ಹಾಸಿಗೆ ಹೊತ್ತುಕೊಂಡು ಬಂದಳು. ನಿಲ್ದಾಣದ ಮೇಲಧಿಕಾರಿ ಎರ್ರಿಸ್ವಾಮಿ ಅವಳನ್ನು ಎದ್ದು ನಿಂತು ಬರಮಾಡಿಕೊಂಡರು. “ಅರ್ಜಿ ಅಂದ್ರೆ ಹಿಂಗಿರಬೇಕಮ್ಮ. ಪಾಸಾಗಿದೆ, ಸಂಪೂರ್ಣ ಪಾಸು” ಎಂದರು. ವನಜಾಕ್ಷಿ ಕೈ ಮುಗಿದು ಕಿಟಕಿಯ ಕಡೆ ಹೆಜ್ಜೆ ಇಟ್ಟಳು. ಅವರು ಅಡ್ಡ ಬಂದರು. “ಅಲ್ಲಾ ತಾಯಿ, ಅದು ಇಷ್ಟು ಚೆನ್ನಾಗಿ ಮಾಡ್ತಿರೋವಾಗ ಎಬ್ಬಿಸೋದು ಯಾಕೆ ಅಂತ! ನಿಯಮದಲ್ಲಿ ಅರ್ಜಿ ಪಾಸಾದ್ರೆ ಮನುಷ್ಯರನ್ನ ತಗೋಬೇಕು ಅಂತಿದೆ, ಒಪ್ಪಿದೆ. ಯಾವಾಗ ಅಂತ ಇಲ್ವಲ್ಲ.” ವನಜಾಕ್ಷಿ ಕೋಣೆಯ ಬಗ್ಗೆ ಕೇಳಿದಳು. ಕೋಣೆಯ ತುಂಬ ಎರ್ರಿಸ್ವಾಮಿಯವರ ಪೆಟ್ಟಿಗೆ, ಪಾತ್ರೆಪಗಡಿ, ಮಡಿಸಿದ ಮಂಚ ತುಂಬಿತ್ತು. ಅವರಿಗೆ ಸ್ವಂತ ಊರಿಗೆ ವರ್ಗವಾಗಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ಅರ್ಜಿಯನ್ನು ಕೇಳಿದ್ದರು. ಈ ವಾರವೇ ಆಗುತ್ತೆ ಸರ್, ಎಂದಿತ್ತು. ಅವರು ಮನೆ ಖಾಲಿ ಮಾಡಿ, ಸಾಮಾನು ಕಟ್ಟಿ ತಂದಿಟ್ಟಿದ್ದರು.

ಅವಳು ಟ್ರಂಕನ್ನು ನನ್ನ ಕೋಣೆಯಲ್ಲಿಟ್ಟು ಗುರುಶಾಂತಪ್ಪನ ಹತ್ತಿರ ಓಡಿದಳು. ಅವನು ಎಲ್ಲ ಕೇಳಿ, “ನಾನು ಬಾಗಿಲು ಬಿಟ್ಟಿದ್ದೆ, ನೀನು ಗೋಡೆ ಕಟ್ಕೊಂಡೆ. ಕೆಲಸಕ್ಕೆ ಕೂತ ಅರ್ಜೀನ ವಾಪಸ್ ಕೇಳಿದ್ರೆ ಸೋತಂಗೆ ಲೆಕ್ಕ. ಇನ್ನೊಂದು ಹಾಕೋಣ ಅಂದ್ರೆ ಕುರ್ಚಿ ಖಾಲಿ ಇಲ್ಲ. ಅದಾಗೇ ಎಡವಬೇಕು, ಅಲ್ಲೀವರೆಗೂ ಕಾಯಿ” ಎಂದು ಇನ್ನೊಬ್ಬರ ಅರ್ಜಿ ಕೈಗೆತ್ತಿಕೊಂಡ. ಸಂಜೆ ಅಣ್ಣನ ಮನೆಗೆ ಮರಳಿದರೆ ಗಡಿಯಾರದ ಕೆಳಗೆ ಅಷ್ಟರಲ್ಲೇ ಗ್ರೈಂಡರು ಬಂದು ಕೂತಿತ್ತು. “ಅಯ್ಯೋ ಬಂದ್ಯಾ? ಸ್ವಲ್ಪ ಸರಿದು ಮಲಗ್ತೀಯಾ, ಬೇಜಾರಿಲ್ಲ ತಾನೆ?” ಎಂದರು ಅತ್ತಿಗೆ. ಅವಳು ಆಯ್ತು ಅಂದು ಕಾಲು ಮಡಿಸಿಕೊಂಡು ಮಲಗಿದಳು.

ಮರುದಿನದಿಂದ ದಿನವೂ ಕೆಲಸಕ್ಕೆ ಬಂದವಳ ಹಾಗೆ ಬುತ್ತಿ ಕಟ್ಟಿಕೊಂಡು ಬಂದು ಕಿಟಕಿಯ ಎದುರಿನ ಕಲ್ಲುಬೆಂಚಿನ ಮೇಲೆ ಕೂರತೊಡಗಿದಳು. ಮೊದಲ ದಿನ ಸಾಲಿನಲ್ಲಿ ನಿಂತು ಅರ್ಜಿಯನ್ನು ಕೇಳಿಯೂ ಕೇಳಿದಳು. “ಈ ಕುರ್ಚಿ ನಂಗೆ ಸಿಗುತ್ತಾ?” “ಖಂಡಿತಾ ಸಿಗುತ್ತಮ್ಮ, ನಾಳೆ ಬನ್ನಿ” ಎಂದಿತು. ಮಾರನೆಯ ದಿನ ಕೇಳಿದರೆ ಅದೇ ದನಿಯಲ್ಲಿ ಅದೇ ಉತ್ತರ. ಆಮೇಲೆ ಅವಳು ಕೇಳುವುದನ್ನು ಬಿಟ್ಟು ಸುಮ್ಮನೆ ಕೂತು ಆಲಿಸಿದಳು. ಒಬ್ಬ ಮುದುಕ ಹೊಳೆಯಾಚೆಯ ಊರಿಗೆ ನೇರ ಬಸ್ಸಿದೆಯೇ ಎಂದ. ಆ ಊರಿಗೆ ರಸ್ತೆಯೇ ಇಲ್ಲ. ಅರ್ಜಿ “ಇದೆ ತಾತ, ಇನ್ನೇನು ಬರುತ್ತೆ” ಎಂದಿತು. ಮುದುಕ ಸಂತೋಷವಾಗಿ ಹೋಗಿ ಕಂಬಕ್ಕೊರಗಿ ಕೂತ. ವನಜಾಕ್ಷಿ ಸುತ್ತ ನೋಡಿದಳು. ನಿಲ್ದಾಣದ ತುಂಬ ಇಲ್ಲದ ಬಸ್ಸುಗಳಿಗಾಗಿ ಕಾಯುವ ಜನ. ಯಾರೂ ತಕರಾರು ಮಾಡಿರಲಿಲ್ಲ, ಏಕೆಂದರೆ ಮತ್ತೆ ಹೋಗಿ ಕೇಳಿದರೆ ಕಿಟಕಿ ಬೇಸರವಿಲ್ಲದೆ ಮತ್ತೆ ಇದೆ ಅನ್ನುತ್ತಿತ್ತು. ಕಾಯುವುದೇನೂ ನಮ್ಮೂರಿನವರಿಗೆ ಹೊಸದಲ್ಲ.

ಅರ್ಜಿ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಇಲ್ಲ ಎನ್ನಲು ಬರುವುದೇ ಇಲ್ಲ ಎಂದು ಅವಳಿಗೆ ಹೊಳೆದದ್ದು ಆಗ. ಅದರ ಹಿಂದೆಯೇ ಇನ್ನೊಂದೂ ಹೊಳೆಯಿತು. ಆ ದನಿಯನ್ನು ತಾನು ಎಲ್ಲಿ ಕೇಳಿದ್ದೇನೆ ಎನ್ನುವುದು. ಅದು ಗಡಿಯಾರದ ಕೆಳಗಿನ ದನಿ. ಇಷ್ಟು ವರ್ಷ ಅಣ್ಣನ ಮನೆಯಲ್ಲಿ ಕಲ್ಲು ಹೇರಿಸಿಕೊಂಡು ಕೂತಿದ್ದದ್ದು ಇದೇ ಕಾಗದ. ಅವಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬುತ್ತಿ ಬಿಚ್ಚಿ, ಚಿತ್ರಾನ್ನವನ್ನು ಪೂರ್ತಿ ತಿಂದಳು.

ದರ್ಜಿ ಹಾಲಪ್ಪ ಆ ಹೊತ್ತಿಗೆ ಬಂದ. ಅವನ ಹೆಂಡತಿ ಜಗಳವಾಡಿಕೊಂಡು ತವರಿಗೆ ಹೋಗಿದ್ದಳು. ಅವನು ದಿನವೂ ಕಿಟಕಿಯನ್ನು ಕೇಳುವುದು, ಕಿಟಕಿ “ಸಂಜೆ ಬಸ್ಸಿಗೆ ಬರ್ತಾರೆ” ಅನ್ನುವುದು, ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲ್ಲಿಗೆ ಹಿಡಿದು ಸಂಜೆಯವರೆಗೆ ನಿಲ್ಲುವುದು ನಡೆದೇ ಇತ್ತು. ಅಂಗಡಿಯಲ್ಲಿ ಊರವರ ರವಿಕೆಗಳು ಕತ್ತರಿಸಿದ ಹಾಗೇ ಬಿದ್ದಿದ್ದವು. ಅಂದು ಅವನು ಕೇಳಿ ತಿರುಗುವಾಗ ವನಜಾಕ್ಷಿ ಬೆಂಚಿನಿಂದ ಕರೆದಳು. ಬಾಯಿ ತೆರೆದಳು, ಮುಚ್ಚಿದಳು. ನಾನು ನೋಡುತ್ತಲೇ ಇದ್ದೆ. ಬಿಸಿ ಅನ್ನ ಬಾಯಿಗಿಟ್ಟುಕೊಂಡವರ ಹಾಗೆ ಆ ಮಾತನ್ನು ಅತ್ತ ಇತ್ತ ಹೊರಳಿಸಿ ಕೊನೆಗೆ ಹೇಳಿದಳು.

“ಇಲ್ಲ ಹಾಲಪ್ಪಣ್ಣ. ಬರಲ್ಲ.”

ಹಾಲಪ್ಪ ಕೆರಳಿದ. “ಕಿಟಕೀನೇ ಬರ್ತಾಳೆ ಅಂತು, ನೀನ್ಯಾವೋಳು ಹೇಳೋಕೆ?” “ಆ ಕಿಟಕೀಲಿ ಕೂತಿರೋದೂ ನಾನೇ ಅಣ್ಣ. ಬರೆಯೋವಾಗ ಹೆದರಿಬಿಟ್ಟಿದ್ದೆ” ಎಂದಳು ವನಜಾಕ್ಷಿ. “ಕಾದ್ರೆ ಅವರು ಬರಲ್ಲ. ನೀವೇ ಹೋಗಿ ಕರ್ಕೊಂಡು ಬನ್ನಿ. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸಿದೆ, ನಿಜವಾಗ್ಲೂ ಇದೆ, ನೋಡಿ ಬೋರ್ಡಲ್ಲಿ.” ಹಾಲಪ್ಪ ಮಲ್ಲಿಗೆಯನ್ನು ನೆಲಕ್ಕೆಸೆದು ಹೋದ. ಆದರೆ ಮಾರನೆಯ ಬೆಳಿಗ್ಗೆ ಆ ಬಸ್ಸು ಹತ್ತಿದ್ದನ್ನು ನಾನು ಕಂಡೆ. ಎರಡು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದಿಳಿದರು. ಅವಳು ಮುಖ ಊದಿಸಿಕೊಂಡೇ ಇಳಿದಳು, ಆದರೆ ಇಳಿದಳು.

ಅಲ್ಲಿಂದ ಬೆಂಚಿಗೆ ಜನ ಬರತೊಡಗಿದರು. ಕಿಟಕಿಯಲ್ಲಿ ಇದೆ ಅನ್ನಿಸಿಕೊಂಡು ಬಂದು, ಬೆಂಚಿನ ಹತ್ತಿರ ಬಗ್ಗಿ “ನಿಜಾನಾ ಅಕ್ಕ?” ಎಂದು ಪಿಸುಗುಡುವರು. ಕೆಲವಕ್ಕೆ ಅವಳು ಇಲ್ಲ ಅಂದಳು, ಕೆಲವಕ್ಕೆ ಇದೆ ಅಂದಳು, ಬಹಳಷ್ಟಕ್ಕೆ ನಂಗೊತ್ತಿಲ್ಲ ಅಂದಳು. ಹೊಳೆಯಾಚೆಯ ಮುದುಕನಿಗೆ ದೋಣಿ ಹೊರಡುವ ಕಡವಿನ ದಾರಿ ತೋರಿಸಿದಳು. ಇಲ್ಲ ಅನ್ನಿಸಿಕೊಂಡವರ ಮುಖ ಸಣ್ಣದಾಗುತ್ತಿತ್ತು, ನಿಜ. ಆದರೆ ಅವರು ಎದ್ದು ಮನೆಗೆ ಹೋಗಿ ಊಟ ಮಾಡುತ್ತಿದ್ದರು. ನಿಲ್ದಾಣ ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಕಿಟಕಿಯ ಮುಂದೆ ನಾಯಿಯೂ ಇರಲಿಲ್ಲ, ಬೆಂಚಿನ ಮುಂದೆ ಮಾತ್ರ ಸಾಲು.

ಒಂದು ಮಧ್ಯಾಹ್ನ ಆ ಸಾಲಿನ ಕೊನೆಯಲ್ಲಿ ಎರ್ರಿಸ್ವಾಮಿ ನಿಂತಿದ್ದರು. ಬೆಂಚು ಖಾಲಿ ಮಾಡಿಸಲು ಬಂದಿದ್ದಾರೆ ಎಂದುಕೊಂಡು ಜನ ದಾರಿ ಬಿಟ್ಟರು. ಅವರು ವನಜಾಕ್ಷಿಯ ಪಕ್ಕದಲ್ಲಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮನೆಯಿಲ್ಲದೆ ಕಚೇರಿಯ ಮೇಜಿನ ಮೇಲೆ ಮಲಗಿ ಅವರ ಕುತ್ತಿಗೆ ಹಿಡಿದುಕೊಂಡಿತ್ತು. ವಾರಕ್ಕೊಂದು ಸಲ ಅರ್ಜಿ, ಈ ವಾರವೇ ಸರ್, ಅನ್ನುತ್ತಲೇ ಇತ್ತು. “ಅಮ್ಮ, ನಂಗೆ ವರ್ಗ ಆಗುತ್ತಾ?” ಎಂದು ಕೇಳಿದರು. ಆ ದನಿ ಕೇಳಿ ನನಗೂ ಒಂದು ಥರ ಆಯಿತು. ಅವಳ ಕೆಲಸ, ಕೋಣೆ, ಚಿಲಕ ಎಲ್ಲ ಈ ಮನುಷ್ಯನ ಕೈಯಲ್ಲಿತ್ತು. ಆಗುತ್ತೆ ಸರ್ ಎಂದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ವನಜಾಕ್ಷಿ ಸ್ವಲ್ಪ ಹೊತ್ತು ತನ್ನ ಕಾಲ್ಬೆರಳು ನೋಡಿಕೊಂಡಳು. “ಮುಂದೆ ಯಾವತ್ತೋ ಗೊತ್ತಿಲ್ಲ ಸರ್. ಈಗಂತೂ ಇಲ್ಲ. ಸಾಮಾನು ಬಿಚ್ಚಿ, ಒಂದು ಮನೆ ನೋಡ್ಕೊಳ್ಳಿ.”

ಎರ್ರಿಸ್ವಾಮಿ ಕುತ್ತಿಗೆ ನೀವಿಕೊಂಡರು. ಆಮೇಲೆ ಟೋಪಿ ಹಾಕಿಕೊಂಡು, “ಇಲ್ಲಿ ಕೂತ್ರೆ ಓಡಾಡೋರಿಗೆ ಅಡ್ಡ ಆಗುತ್ತೆ. ಒಳಗೆ ಕೂತ್ಕೊಳ್ಳಿ” ಎಂದರು. ಸಂಜೆಯೊಳಗೆ ಅವರ ಪೆಟ್ಟಿಗೆಗಳು ಗಾಡಿ ಹತ್ತಿದವು. ಕುರ್ಚಿಯ ಮೇಲಿನ ಕಲ್ಲು ತೆಗೆದು, ಅರ್ಜಿಯನ್ನು ಮಡಿಸಿ ಅವಳ ಕೈಗೆ ಕೊಟ್ಟರು, ‘ಹೋಗಿ ಬನ್ನಿ’ ಮಾತ್ರ ಅನ್ನಲಿಲ್ಲ. ಕೊಡುವಾಗಲೂ ಅದು “ಆಯ್ತು ಸರ್” ಎಂದಿತು.

ಹಬ್ಬ ಹತ್ತಿರ ಬಂದಾಗ ನಾಗಭೂಷಣ ಕಿಟಕಿಗೆ ಬಂದ. “ವನಜ, ಮನೆ ಸಾರಿಸೋದಿದೆ, ಹೋಳಿಗೆ ಇದೆ, ನಿಮ್ಮತ್ತಿಗೆಗೆ ಕೈ ಸಾಲ್ತಿಲ್ಲ. ರಜಾ ಹಾಕಿ ಬಂದುಬಿಡು. ಬೇಜಾರಿಲ್ಲ ತಾನೆ?” ಎಂದ. “ಬೇಜಾರಿದೆ ಅಣ್ಣ. ಬರಲ್ಲ” ಎಂದಳು ವನಜಾಕ್ಷಿ. ನಾಗಭೂಷಣನಿಗೆ ಕೋಪ ಬರಲಿಲ್ಲ, ಅರ್ಥವೇ ಆಗಲಿಲ್ಲ. ಅವಳು ಒಳಗೆ ಹೋಗಿ ಗೂಡಿನಲ್ಲಿದ್ದ ಅರ್ಜಿಯನ್ನು ತಂದು ಕಿಟಕಿಯಿಂದ ಚಾಚಿದಳು. “ಇದನ್ನ ಗಡಿಯಾರದ ಕೆಳಗೆ ಇಡು. ಮೇಲೊಂದು ಕಲ್ಲಿಡು. ಅತ್ತಿಗೆ ಏನು ಹೇಳಿದ್ರೂ ಮಾಡುತ್ತೆ, ಇಲ್ಲ ಅನ್ನಲ್ಲ.” ಅವನು ಅಕ್ಷರ ತಂಗಿಯದೇ ಎಂದು ಖಾತ್ರಿ ಮಾಡಿಕೊಂಡು, ಕಂಕುಳಲ್ಲಿಟ್ಟುಕೊಂಡು ಹೋದ.

ಹಬ್ಬ ಮುಗಿದ ಮೇಲೆ ಸರ್ವಮಂಗಳ ನೆಂಟರನ್ನು ಬಸ್ಸು ಹತ್ತಿಸಲು ಬಂದರು. ಕಿಟಕಿಯ ಮುಂದೆ ನಿಂತು, “ಮೂರು ಗಂಟೆಗೆ ಬಸ್ಸಿದೆಯೇನ್ರೀ?” ಎಂದು ಕೇಳಿದರು. “ಇಲ್ಲ” ಎಂದಳು ವನಜಾಕ್ಷಿ. ಸರ್ವಮಂಗಳ ಮುಖವೆತ್ತಿ ಅವಳನ್ನು ಚೆನ್ನಾಗಿ ನೋಡಿದರು.

“ನೋಡೋಕೆ ನಮ್ಮ ವನಜನ ಥರಾನೇ ಇದ್ದೀರಿ ಕಣ್ರೀ. ಅವಳು ಮಾತ್ರ ಹಿಂಗೆ ಮುಖಕ್ಕೆ ಹೊಡೆದಂಗೆ ಇಲ್ಲ ಅನ್ನೋಳಲ್ಲ.”

“ಹೌದಾ? ಅವರು ಎಲ್ಲಿದ್ದಾರೆ?” ಎಂದಳು ವನಜಾಕ್ಷಿ.

“ಇನ್ನೆಲ್ಲಿರ್ತಾಳೆ, ಮನೇಲಿದ್ದಾಳೆ. ಪಾತ್ರೆ ತೊಳೀತಿದ್ದಾಳೆ.”

ವನಜಾಕ್ಷಿ ನಾಲ್ಕೂವರೆಗೆ ಬಸ್ಸಿದೆ, ಎಡಗಡೆಯ ಕಂಬದ ಹತ್ತಿರ ನಿಲ್ಲುತ್ತದೆ ಎಂದು ಸ್ಪಷ್ಟವಾಗಿ ಹೇಳಿದಳು. ಊಟದ ಹೊತ್ತಾಗಿತ್ತು. ಅವಳು ಕಿಟಕಿ ಮುಚ್ಚಿ ಹಿಂದಿನ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ನನ್ನ ಕೋಣೆಯವರೆಗೂ ಕೇಳಿಸಿತು.